ಬೆಟ್ಟಕ್ಕೂ ಕೇಳಲಿ ಅಂತ ಕುಟ್ಟುವ ಹಲಗೆ

ಸೇಬು ಜಜ್ಜುವ ಕೆಲಸ ಮುಗಿದಿದೆ. ಕತ್ತಲಾಗಿದೆ. ಎರಡು ಬುಟ್ಟಿಗಳನ್ನು ಬೋರಲು ಹಾಕಿ, ಮೇಲೆ ಒಣಗಿದ ಮುಸುಕಿನ ಜೋಳದ ಸಿಪ್ಪೆ ಹರಡುತ್ತಾರೆ. ಸೇಬಿನ ಗಾಣದಿಂದ ತೆಗೆದ ಉದ್ದನೆಯ ದಪ್ಪ ಹಲಗೆಯನ್ನು ಅದರ ಮೇಲೆ ಇಡುತ್ತಾರೆ. ಇಬ್ಬರು ಬಂದು ನಿಲ್ಲುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಎರಡೆರಡು ಗಟ್ಟಿ ಕೋಲು. ಒನಕೆ ಹಿಡಿದ ಹಾಗೆ ಕೋಲನ್ನು ನೆಟ್ಟಗೆ ಹಿಡಿದು ಮೇಲಿಂದ ಕೆಳಕ್ಕೆ ಕುಟ್ಟುತ್ತಾರೆ. ಟ-ಕುನ್. ಟ-ಕುನ್. ನಡುವೆ ಒಂದು ಪೆಟ್ಟು ಅಡ್ಡ ಬರುತ್ತದೆ. ಆಮೇಲೆ ಎರಡು. ಆಮೇಲೆ ಏನೂ ಇಲ್ಲ, ಸುಮ್ನೆ ಖಾಲಿ. ಮತ್ತೆ ಟ-ಕುನ್.

ಆ ಸದ್ದು ಕಣಿವೆ ದಾಟಿ ದೂರದ ಮನೆಗಳಿಗೆ ಕೇಳಿಸುತ್ತದೆ. ಅಕ್ಕಪಕ್ಕದ ರೈತರಿಗೆ ಅದರ ಅರ್ಥ ಗೊತ್ತು. ರಸ ಹಿಂಡಿ ಆಯಿತು, ಬನ್ನಿ, ಊಟ ಇದೆ, ಕುಡಿಯೋದಿದೆ.

ಈ ವಾದ್ಯದ ಹೆಸರು ಚಲಪರ್ತ. ನಮ್ಮಲ್ಲಿ ಹಲಗೆ ಅಂದರೆ ಚರ್ಮ ಬಿಗಿದ ವಾದ್ಯ ನೆನಪಾಗುತ್ತದೆ. ಇದು ನಿಜವಾದ ಮರದ ಹಲಗೆ. ಬಾಸ್ಕ್ ನಾಡಿನ ಸಂಗೀತ ಅಂದಾಗ ಈಗ ಮೊದಲು ಕಣ್ಣ ಮುಂದೆ ಬರುವುದು ಇದೇ. ಆ ನಾಡಿನ ಸಂಗೀತದ ಬಗ್ಗೆ ಬರೆಯುವವರೆಲ್ಲ "ಪ್ರಕೃತಿಯಿಂದ, ಪುರಾಣದಿಂದ ಸ್ಫೂರ್ತಿ ಪಡೆದದ್ದು" ಅಂತ ಒಂದು ಸಾಲು ಹಾಕಿಬಿಡುತ್ತಾರೆ. ಅದು ನಿಜ. ಆದರೆ ಆ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ನನಗೆ ಇದರ ಗುಟ್ಟು ಬಿಡಿಸಿಕೊಂಡದ್ದು ಬೇರೆ ಒಂದು ಪ್ರಶ್ನೆಯಿಂದ. ಈ ಸದ್ದುಗಳನ್ನು ಮೊದಲು ಮಾಡಿದವರು ಯಾರಿಗೆ ಕೇಳಲಿ ಅಂತ ಮಾಡಿದರು?

ಮೊದಲು ಊರು ಎಲ್ಲಿದೆ ಅಂತ ನೋಡೋಣ. ಸ್ಪೇನಿನ ಉತ್ತರದ ಮೂಲೆ, ಫ್ರಾನ್ಸಿನ ನೈಋತ್ಯ ಮೂಲೆ. ಒಂದು ಕಡೆ ಬಿಸ್ಕೆ ಕೊಲ್ಲಿ, ಇನ್ನೊಂದು ಕಡೆ ಪಿರೆನೀಸ್ ಪರ್ವತ. ಏಳು ಪ್ರಾಂತ್ಯ, ಎರಡು ದೇಶ. ಕರಾವಳಿ ಭಾಗದಲ್ಲಿ ಮಳೆ ಜಾಸ್ತಿ. ದೊನೋಸ್ತಿಯ ಊರಿನಲ್ಲಿ, ಅಂದರೆ ಸಾನ್ ಸೆಬಾಸ್ಟಿಯನ್‌ನಲ್ಲಿ, ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಸುರಿಯುತ್ತದೆ. ಹಾಗಾಗಿ ಬೆಟ್ಟ ಹಸಿರು, ಮಂಜು ಸದಾ, ಕಾಡು ದಟ್ಟ. ಇಲ್ಲಿನ ಭಾಷೆ ಎವುಸ್ಕರ. ಅದನ್ನಾಡುವವರು ಸುಮಾರು 8 ಲಕ್ಷ ಜನ. ಸುತ್ತಲಿನ ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಲೋಕದ ಯಾವ ಭಾಷೆಯ ಜೊತೆಗೂ ಅದರ ನೆಂಟಸ್ತಿಕೆ ಇದುವರೆಗೆ ಸಾಬೀತಾಗಿಲ್ಲ.

ಆ ಭಾಷೆಯ ಒಂದು ಹಳೆಯ ಮಾತು ನನಗೆ ಬಹಳ ಇಷ್ಟ. "ಇಸೇನ ದುಯೆನ್ ಗುಸ್ತಿಯ ಒಮೆನ್ ದ." ಇದರಲ್ಲಿ "ಒಮೆನ್" ಅನ್ನುವ ಪುಟ್ಟ ಪದವಿದೆ. ನಾನು ಕಣ್ಣಾರೆ ಕಂಡಿಲ್ಲ, ಹಾಗಂತ ಕೇಳಿದ್ದೇನೆ ಅನ್ನುವುದನ್ನು ಅದೊಂದೇ ಪದ ಹೇಳಿಬಿಡುತ್ತದೆ. ಇಂಗ್ಲಿಷಿಗೆ ತರಲು ಒಂದು ವಾಕ್ಯವೇ ಬೇಕು. ಕನ್ನಡಕ್ಕೆ ತರಲು ಎರಡೂವರೆ ಅಕ್ಷರ ಸಾಕು: "ಅಂತೆ". ಹೆಸರಿರುವುದೆಲ್ಲ ಇದೆಯಂತೆ. ಬಾಸ್ಕ್ ಪುರಾಣದ ದನಿ ಪೂರ್ತಿ ಈ "ಅಂತೆ"ಯಲ್ಲಿದೆ. ನಂಬು ಅಂತ ಒತ್ತಾಯವಿಲ್ಲ, ಸುಳ್ಳು ಅಂತ ತಳ್ಳಿಹಾಕುವುದೂ ಇಲ್ಲ. ಹೆಸರಿದೆ, ಆದ್ದರಿಂದ ಇರಬಹುದು. ಹುಷಾರಾಗಿರು.

ಹಾಗೆ ಇರುವವರಲ್ಲಿ ದೊಡ್ಡವಳು ಮಾರಿ. ಬಿಸ್ಕಾಯ ಪ್ರಾಂತ್ಯದ ಅನ್‌ಬೊತೊ ಬೆಟ್ಟ 1,331 ಮೀಟರ್ ಎತ್ತರದ ಬೋಳು ಸುಣ್ಣಕಲ್ಲಿನ ಗೋಡೆ. ಅದರ ಗುಹೆಯಲ್ಲಿ ಅವಳ ವಾಸ. ಬಾಗಿಲಲ್ಲಿ ಕೂತು ಚಿನ್ನದ ಬಾಚಣಿಗೆಯಿಂದ ತಲೆ ಬಾಚಿಕೊಳ್ಳುತ್ತಾಳಂತೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಬೆಂಕಿಯುಂಡೆಯಾಗಿ ಹಾರುತ್ತಾಳಂತೆ. ಅವಳು ಯಾವ ಬೆಟ್ಟದಲ್ಲಿ ಇದ್ದಾಳೆ ಅನ್ನುವುದರ ಮೇಲೆ ಮಳೆಯೋ ಬಿಸಿಲೋ ಅಂತ ತೀರ್ಮಾನ. ಬಿರುಗಾಳಿ, ಆಲಿಕಲ್ಲು ಅವಳ ಕೈಯಲ್ಲಿ. ಅವಳ ಗಂಡ ಸುಗಾರ್ ಹಾವಿನ ರೂಪದವನು.

ಕನ್ನಡದವರಿಗೆ ಈ ಹೆಸರು ಕೇಳಿದ ಕೂಡಲೇ ನಮ್ಮ ಮಾರಮ್ಮ ನೆನಪಾಗುತ್ತಾಳೆ, ಅಲ್ವಾ? ನನಗೂ ಹಾಗೇ ಆಯಿತು. ಇದು ಬರೀ ಕಾಕತಾಳೀಯ. ಬಾಸ್ಕ್ ಭಾಷೆಗೂ ದ್ರಾವಿಡ ಭಾಷೆಗಳಿಗೂ ನಂಟು ಹಾಕಲು ಹಿಂದೆ ಕೆಲವರು ಪ್ರಯತ್ನಿಸಿದ್ದುಂಟು. ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಆದರೆ ಇನ್ನೊಂದು ಸಂಗತಿ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಮಾರಿಯ ಗುಹೆಗೆ ಹೋದರೆ ಕೆಲವು ಕಟ್ಟಳೆಗಳಿವೆ. ಒಳಗೆ ಕೂರಬಾರದು. ಹೊರಗೆ ಬರುವಾಗ ಬೆನ್ನು ತೋರಿಸಬಾರದು, ಹೋದ ಮುಖದಲ್ಲೇ ಹಿಂದಕ್ಕೆ ನಡೆಯಬೇಕು. ಮತ್ತೆ, ಅವಳನ್ನು ಏಕವಚನದಲ್ಲೇ ಮಾತಾಡಿಸಬೇಕು. ಎವುಸ್ಕರದಲ್ಲಿ ಅತಿ ಹತ್ತಿರದವರಿಗೆ ಮಾತ್ರ ಬಳಸುವ "ಹಿ" ಅನ್ನುವ "ನೀನು" ಇದೆ. ಅವಳಿಗೆ ಅದೇ ಸಲ್ಲಬೇಕು. ತಾಯೀ ನೀನೇ ಕಾಪಾಡು ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವಳ ಜೊತೆಗೆ ಹೊಳೆಯ ದಂಡೆಯ ಲಾಮಿಯಾಗಳು ಇದ್ದಾರೆ. ಚೆಲುವೆಯರು, ಆದರೆ ಕಾಲು ಬಾತುಕೋಳಿಯದು. ಇವತ್ತಿಗೂ ಬಿಲ್ಬಾವೊ ಮೆಟ್ರೊದಲ್ಲಿ ಲಾಮಿಯಾಕೊ ಅನ್ನುವ ನಿಲ್ದಾಣವಿದೆ. ರಾತ್ರಿಗೆ ಗಾವುಯೆಕೊ ಇದ್ದಾನೆ. ರಾತ್ರಿ ರಾತ್ರಿಯವರಿಗೆ, ಹಗಲು ಹಗಲಿನವರಿಗೆ ಅನ್ನುವುದು ಅವನ ನಿಯಮ. ಪಂದ್ಯ ಕಟ್ಟಿ ಕತ್ತಲಲ್ಲಿ ನೀರು ತರಲು ಹೋದ ಹುಡುಗಿ ವಾಪಸ್ ಬರಲಿಲ್ಲ ಅನ್ನುವ ಕಥೆ ಅವನದೇ.

ಸಂಗೀತದ ಮಾತಿಗೆ ಬಂದರೆ ನನಗೆ ಮುಖ್ಯ ಅನ್ನಿಸುವವನು ಬಸಯೌನ್. "ಬಸ" ಅಂದರೆ ಕಾಡು, "ಯೌನ್" ಅಂದರೆ ಒಡೆಯ. ಮೈತುಂಬ ಕೂದಲು, ಆಳೆತ್ತರಕ್ಕಿಂತ ದೊಡ್ಡವನು, ದಟ್ಟ ಕಾಡಿನಲ್ಲಿ ವಾಸ. ಕೇಡಿಗನಲ್ಲ. ಬಿರುಗಾಳಿ ಬರುವ ಮುಂಚೆ ಬೆಟ್ಟದ ಮೇಲಿಂದ ಕೂಗಿ ಕುರಿಗಾಹಿಗಳನ್ನು ಎಚ್ಚರಿಸುತ್ತಾನಂತೆ. ಅವನು ಹತ್ತಿರ ಬಂದದ್ದು ಮನುಷ್ಯರಿಗೆ ಗೊತ್ತಾಗುವುದು ಹೇಗೆ? ಮಂದೆಯ ಕುರಿಗಳೆಲ್ಲ ಒಟ್ಟಿಗೆ ಮೈ ಕೊಡವುತ್ತವೆ. ಕೊರಳ ಗಂಟೆಗಳೆಲ್ಲ ಒಂದೇ ಸಲಕ್ಕೆ ಝಲ್ ಅನ್ನುತ್ತವೆ. ಆಗ ಕುರಿಗಾಹಿ ನಿಶ್ಚಿಂತೆಯಿಂದ ಮಲಗಬಹುದು. ಇವತ್ತು ತೋಳ ಬರುವುದಿಲ್ಲ.

ಈ ಚಿತ್ರದಲ್ಲಿ ಎರಡು ಸದ್ದುಗಳಿವೆ. ಬೆಟ್ಟದ ಮೇಲಿನ ಕೂಗು ಒಂದು, ಮಂದೆಯ ಗಂಟೆ ಇನ್ನೊಂದು. ಎರಡೂ ಕಥೆಯಲ್ಲಷ್ಟೇ ಉಳಿದಿಲ್ಲ.

ಗಂಟೆಯಿಂದ ಶುರು ಮಾಡೋಣ. ನವಾರ ಪ್ರಾಂತ್ಯದಲ್ಲಿ ಇತುರೆನ್, ಸುಬಿಯೆತ ಅಂತ ಅಕ್ಕಪಕ್ಕದ ಎರಡು ಪುಟ್ಟ ಊರುಗಳು. ಜನವರಿಯ ಕೊನೆಯ ಭಾನುವಾರ ಕಳೆದ ಮೇಲೆ ಸೋಮವಾರ, ಮಂಗಳವಾರ ಅಲ್ಲಿ ಹಬ್ಬ. ಗಂಡಸರು, ಈಗ ಹೆಂಗಸರೂ ಸೇರಿ, ಸೊಂಟಕ್ಕೆ ಕುರಿತೊಗಲು ಸುತ್ತಿಕೊಳ್ಳುತ್ತಾರೆ. ತಲೆಗೆ ಬಣ್ಣದ ಪಟ್ಟಿಗಳ ಮೊನಚು ಟೊಪ್ಪಿ. ಬೆನ್ನ ಕೆಳಗೆ ಎರಡು ಭಾರಿ ತಾಮ್ರಬಣ್ಣದ ಗಂಟೆ. ಇವುಗಳನ್ನು ಕಟ್ಟುವುದೇ ದೊಡ್ಡ ಕೆಲಸ. ಹಗ್ಗವನ್ನು ಸುತ್ತಿ ಸುತ್ತಿ, ಇನ್ನೊಬ್ಬರು ಜೋರಾಗಿ ಜಗ್ಗಿ ಬಿಗಿಯಬೇಕು. ಸ್ವಲ್ಪ ಸಡಿಲವಾದರೂ ಗಂಟೆ ತಾಳಕ್ಕೆ ಸಿಗುವುದಿಲ್ಲ. ಕೈಯಲ್ಲಿ ಕುದುರೆ ಬಾಲದ ಕೂದಲಿನ ಚಾವಟಿ. ಎರಡು ಸಾಲಾಗಿ ನಿಂತು ಒಂದು ಬಗೆಯ ಹೆಜ್ಜೆ ಹಾಕುತ್ತಾರೆ. ಪ್ರತಿ ಹೆಜ್ಜೆಗೂ ಸೊಂಟ ಎತ್ತಿ ಇಳಿಸಿದಾಗ ಎಲ್ಲರ ಗಂಟೆಯೂ ಒಟ್ಟಿಗೆ ಹೊಡೆಯುತ್ತದೆ. ಇವರ ಹೆಸರು ಯೋಲ್ದುನಕ್, ಗಂಟೆ ಹೊತ್ತವರು. ಕೆಟ್ಟದ್ದನ್ನು ಓಡಿಸುವುದಕ್ಕೆ, ಚಳಿಗಾಲದಲ್ಲಿ ಮಲಗಿದ ನೆಲವನ್ನು ಎಬ್ಬಿಸುವುದಕ್ಕೆ ಅಂತ ಹೇಳುತ್ತಾರೆ. ಹಾಡಿಲ್ಲ, ರಾಗವಿಲ್ಲ. ನಡಿಗೆಯೇ ಸಂಗೀತ.

ಕೂಗಿನ ಹೆಸರು ಇರ್ರಿಂತ್ಸಿ. ಎವುಸ್ಕರದಲ್ಲಿ ಕುದುರೆಯ ಕೆನೆತಕ್ಕೂ ಇದೇ ಪದ. ಒಂದೇ ಉಸಿರಿನಲ್ಲಿ ದನಿ ಏರುತ್ತ ಏರುತ್ತ ಹೋಗಿ, ತುದಿಯಲ್ಲಿ ನಡುಗಿ, ನಗುವೋ ಕೆನೆತವೋ ಅಂತ ಗೊತ್ತಾಗದ ಹಾಗೆ ಒಡೆಯುತ್ತದೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಕುರಿಗಾಹಿಗಳು ಹೀಗೆ ಕೂಗಿಕೊಳ್ಳುತ್ತಿದ್ದರು. ಈಗ ಹಬ್ಬಗಳಲ್ಲಿ ಇದಕ್ಕೆ ಸ್ಪರ್ಧೆ ಇದೆ. ಹಾಡಿನ ನಡುವೆ ಜನರ ಗುಂಪಿನಿಂದ ಯಾರೋ ಒಬ್ಬರು ಇರ್ರಿಂತ್ಸಿ ಹಾಕುವುದೂ ಉಂಟು. ಮೊದಲ ಸಲ ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಇನ್ನು ಕೊಂಬು. ಅಲ್ಬೊಕ ಅನ್ನುವ ವಾದ್ಯವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎರಡು ಪುಟ್ಟ ಕೊಳವೆ, ಅವನ್ನು ಹಿಡಿದಿಡುವ ಮರದ ಒಂದು ಬಾಗಿದ ಹಿಡಿ, ಎರಡು ತುದಿಗೂ ದನದ ಕೊಂಬು. ಸಣ್ಣ ಕೊಂಬನ್ನು ಬಾಯಿಗೆ ಒತ್ತಿ ಊದುತ್ತಾರೆ, ದೊಡ್ಡ ಕೊಂಬಿನಿಂದ ಸದ್ದು ಹೊರಬರುತ್ತದೆ. ಒಳಗೆ ನಾಲಿಗೆಯಂಥ ಎರಡು ಬೆತ್ತದ ಸೀಳು. ನುಡಿಸುವವರು ಉಸಿರು ನಿಲ್ಲಿಸುವ ಹಾಗಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಹಾವಾಡಿಗರ ಪುಂಗಿ ಕೇಳಿದವರಿಗೆ ಈ ಕಸರತ್ತು ಗೊತ್ತು. ಪುಂಗಿಯಲ್ಲೂ ಜೋಡಿ ಕೊಳವೆ, ಅಲ್ಲೂ ಎಳೆ ಕಡಿಯದ ದನಿ. ಅಲ್ಬೊಕದ ಹೆಸರು ಅರಬ್ಬಿ ಭಾಷೆಯ "ಅಲ್-ಬೂಕ್"ನಿಂದ ಬಂದದ್ದು, ಅಂದರೆ ಕಹಳೆ. ಬೆಟ್ಟದ ಮೂಲೆಯ ಕುರಿಗಾಹಿಯ ಕೈಗೂ ದೂರದ ಹೆಸರೊಂದು ಹೀಗೆ ತಲುಪಿತ್ತು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಇದನ್ನು ನುಡಿಸುವವರು ಬೆರಳೆಣಿಕೆಗೆ ಇಳಿದಿದ್ದರು. ಅರಾತಿಯ ಕಣಿವೆಯ ಲಿಯೊನ್ ಬಿಲ್ಬಾವೊ ಅನ್ನುವ ವಾದಕ ಇದನ್ನು ಉಳಿಸಿಕೊಟ್ಟವರಲ್ಲಿ ಮುಖ್ಯರು.

ಇಲ್ಲಿ ಭಾಷೆಯ ಬಗ್ಗೆ ಮತ್ತೆ ಸ್ವಲ್ಪ ಹೇಳಲೇಬೇಕು. ಈ ಸಂಗೀತದ ತಾಳ ಹುಟ್ಟಿದ್ದು ಅರ್ಧ ಮರದಲ್ಲಾದರೆ ಇನ್ನರ್ಧ ಬಾಯಲ್ಲಿ. ಕನ್ನಡದಲ್ಲಿ ಮಳೆ ಜಿಟಿಜಿಟಿ, ಮಾತು ಗುಸುಗುಸು, ಹೆಜ್ಜೆ ಪುಟುಪುಟು. ಎವುಸ್ಕರದಲ್ಲೂ ಇಂಥವು ರಾಶಿ ರಾಶಿ ಇವೆ. ಜಿಟಿಜಿಟಿ ಮಳೆಗೆ ಶಿರಿಮಿರಿ. ಗುಸುಗುಸುಗೆ, ಗಾಳಿಸುದ್ದಿಗೆ ಸುರ್ರುಮುರ್ರು. ಪುಟ್ಟ ಹೆಜ್ಜೆಯ ನಡಿಗೆಗೆ ತಿಪಿ-ತಪ. ಮೆಲ್ಲಗೆ ಬಿಡದೆ ಬೀಳುವ ಹಿಮಕ್ಕೆ ಮರ-ಮರ. ಸೇಬು ಜಜ್ಜುವ ಸದ್ದಿಗೆ, ಅದೇ ತಾಳದಲ್ಲಿ ಹಾಡುವ ಆಟಕ್ಕೆ ಕಿರಿಕೊಕೆತ. ಜೋರು ಗದ್ದಲಕ್ಕೆ ಸಲಪರ್ತ ಅನ್ನುತ್ತಾರೆ, ಚಲಪರ್ತ ಅದರ ಒಡಹುಟ್ಟಿದ ಪದದ ಹಾಗೇ ಕೇಳಿಸುತ್ತದೆ. ಇಂಥ ಭಾಷೆ ಆಡುವವರು ಮರ ಕುಟ್ಟಿದರೆ ಮರ ಪದದ ಹಾಗೆ ಸದ್ದು ಮಾಡುವುದು ಸಹಜ. ಕನ್ನಡದವರು ಈ ಸಂಗೀತವನ್ನು ಅರ್ಥ ಗೊತ್ತಿಲ್ಲದೆಯೂ ಸವಿಯಬಹುದು ಅಂತ ನಾನು ಹೇಳುವುದು ಈ ಕಾರಣಕ್ಕೆ. ಕಿವಿ ಆಗಲೇ ಪಳಗಿದೆ.

ತಾಳದ ಲೆಕ್ಕದಲ್ಲಿ ಇನ್ನೊಂದು ವಿಶೇಷ ಸೊರ್ತ್ಸಿಕೊ. ಐದು ಮಾತ್ರೆಯ ನಡೆ, ಒಂದು-ಎರಡು-ಎರಡು ಅಂತ ಒಡೆದುಕೊಂಡು ಕುಂಟುತ್ತ ಸಾಗುತ್ತದೆ. ಖಂಡ ನಡೆ ಕೇಳಿದವರಿಗೆ ಐದರ ಓರೆತನ ಹೊಸದಲ್ಲ. ಗೆರ್ನಿಕ ಊರಿನ ಓಕ್ ಮರದ ಮೇಲೆ 1853ರಲ್ಲಿ ಇಪರಗಿರ್ರೆ ಕಟ್ಟಿದ ಹಾಡು ಈ ನಡೆಯಲ್ಲೇ ಇದೆ. ಆ ಮರದ ಕೆಳಗೆ ಬಿಸ್ಕಾಯದ ಹಿರಿಯರು ಸಭೆ ಸೇರುತ್ತಿದ್ದರು. ಒಂದು ಮರವನ್ನು ಹೊಗಳುವ ಹಾಡನ್ನು ಬಾಸ್ಕ್ ಜನ ಎದ್ದು ನಿಂತು ಹಾಡುತ್ತಾರೆ.

ಮತ್ತೆ ಹಲಗೆಗೆ ಬರೋಣ. ಚಲಪರ್ತದ ಒಳಗಿನ ಲೆಕ್ಕ ತಿಳಿದರೆ ಉಳಿದದ್ದೆಲ್ಲ ತಿಳಿದ ಹಾಗೆ.

ಇಬ್ಬರಿಗೂ ಬೇರೆ ಬೇರೆ ಕೆಲಸ. ಒಬ್ಬರದು ಟಕುನ. ಇವರು ಯಾವಾಗಲೂ ಎರಡು ಪೆಟ್ಟು ಹಾಕುತ್ತಾರೆ, ಒಂದೇ ಸಮ. ನೆಲ ಕಟ್ಟುವ ಕೆಲಸ. ಇನ್ನೊಬ್ಬರದು ಹೆರ್ರೆನ. ಆ ಪದದ ಅರ್ಥವೇ ಕುಂಟುವುದು. ಟಕುನದ ಎರಡು ಪೆಟ್ಟು ಮುಗಿದು ಮತ್ತೆ ಬರುವವರೆಗೆ ಒಂದು ಜಾಗ ಸಿಗುತ್ತದಲ್ಲ, ಅಲ್ಲಿ ಹೆರ್ರೆನ ಏನಾದರೂ ಮಾಡಬಹುದು. ಎರಡು ಪೆಟ್ಟು ಹಾಕಬಹುದು. ಒಂದೇ ಹಾಕಬಹುದು. ಅಥವಾ ಏನೂ ಹಾಕದೆ ಬಿಡಬಹುದು. ಎರಡು, ಒಂದು, ಸೊನ್ನೆ. ಇಷ್ಟೇ ಅಕ್ಷರಮಾಲೆ.

ಒಮ್ಮೆ ಮೇಜಿನ ಮೇಲೆ ಮಾಡಿ ನೋಡಿ, ಪಕ್ಕದಲ್ಲಿ ಯಾರಾದರೂ ಇದ್ದರೆ. ನೀವು ಬಲಗೈ-ಎಡಗೈ ಟ-ಕುನ್ ಅಂತ ಬಡಿಯುತ್ತಿರಿ, ಪ್ರತಿ ಜೋಡಿಯ ನಂತರ ಅಷ್ಟೇ ಜಾಗ ಬಿಡಿ. ಆ ಜಾಗದಲ್ಲಿ ಅವರು ತಮಗೆ ತೋಚಿದ್ದು ಹಾಕಲಿ. ಮೊದಲ ನಿಮಿಷ ತಮಾಷೆ ಅನ್ನಿಸುತ್ತದೆ. ಎರಡನೇ ನಿಮಿಷಕ್ಕೆ ನಿಮ್ಮ ಕೈ ಅವರ ಪೆಟ್ಟಿಗೆ ಕಾಯಲು ಶುರು ಮಾಡುತ್ತದೆ. ಅವರು ಒಂದನ್ನು ಬಿಟ್ಟರೆ ಮುಗ್ಗರಿಸಿದ ಹಾಗಾಗುತ್ತದೆ. ನಾನು ಇದನ್ನು ಮನೆಯಲ್ಲಿ ಮಾಡಿ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಟಕುನ ಹಿಡಿದು ಕೂತವರಿಗೇ ಜಾಸ್ತಿ ಕಷ್ಟ. ಎದುರಿನವರು ಎಷ್ಟೇ ಕೆಡಿಸಲಿ, ನೆಲ ಅಲುಗಾಡದಂತೆ ನೋಡಿಕೊಳ್ಳಬೇಕು.

ನಿಜವಾದ ವಾದಕರು ಹೀಗೇ ನಿಧಾನವಾಗಿ ಶುರು ಮಾಡಿ, ವೇಗ ಏರಿಸುತ್ತ ಏರಿಸುತ್ತ ಹೋಗುತ್ತಾರೆ. ಕೊನೆಗೆ ನಾಲ್ಕು ಕೋಲುಗಳ ಸದ್ದು ಕುದುರೆಯ ಓಟದ ಹಾಗೆ ಒಂದಾಗಿಬಿಡುತ್ತದೆ. ಒಬ್ಬರೇ ನುಡಿಸುವ ಚಲಪರ್ತ ಅನ್ನುವುದು ಹಳೆಯ ಕ್ರಮದಲ್ಲಿ ಇಲ್ಲ. ಎದುರಿಗೆ ಇನ್ನೊಬ್ಬರು ಇರಲೇಬೇಕು. ಬರೆದಿಟ್ಟ ಸ್ವರವೂ ಇಲ್ಲ, ಎಲ್ಲ ಆ ಕ್ಷಣದ್ದು. ಮೊದಲು ಒಂದೇ ಹಲಗೆಯಿತ್ತು. ಈಗ ಬೇರೆ ಬೇರೆ ಮರದ, ಉದ್ದದ ಹಲವು ಹಲಗೆಗಳನ್ನು ಸ್ವರಕ್ಕೆ ಹೊಂದಿಸಿ ಇಡುತ್ತಾರೆ, ಕಲ್ಲು ಮತ್ತು ಕಬ್ಬಿಣವೂ ಸೇರುತ್ತದೆ.

ಇದು ಸಾವಿರಾರು ವರ್ಷ ಹಳೆಯದು, ಗುಹಾಮಾನವರ ಕಾಲದ್ದು ಅಂತ ಎಷ್ಟೋ ಕಡೆ ಓದುತ್ತೀರಿ. ಅದಕ್ಕೆ ಆಧಾರವಿಲ್ಲ. ನಮಗೆ ಖಚಿತವಾಗಿ ಗೊತ್ತಿರುವ ಚಲಪರ್ತ ಸೇಬಿನ ಗಾಣದ ಜೊತೆಗಿನದು, ಗಿಪುಸ್ಕೋವ ಪ್ರಾಂತ್ಯದ ರೈತಮನೆಗಳದ್ದು. ನಿಜವಾಗಿ ಹಳೆಯದು ಬೇಕಿದ್ದರೆ ಇಸ್ತುರಿತ್ಸ್ ಗುಹೆಗೆ ಹೋಗಬೇಕು, ಫ್ರಾನ್ಸಿನ ಕಡೆಯ ಬಾಸ್ಕ್ ನಾಡಿನಲ್ಲಿದೆ. ಅಲ್ಲಿ ರಣಹದ್ದಿನ ರೆಕ್ಕೆ ಮೂಳೆಯಿಂದ ಮಾಡಿದ ಕೊಳಲಿನ 20ಕ್ಕೂ ಹೆಚ್ಚು ತುಂಡುಗಳು ಸಿಕ್ಕಿವೆ, ಹಿಮಯುಗದವು. ಊದಿದವರನ್ನು ಬಾಸ್ಕರು ಅಂತ ಕರೆಯಲು ಬರುವುದಿಲ್ಲ. ಆದರೆ ಅದೇ ಬೆಟ್ಟಗಳ ಒಳಗೆ ಅಷ್ಟು ಹಿಂದೆಯೇ ಯಾರೋ ಹಕ್ಕಿಯ ಮೂಳೆಗೆ ತೂತು ಕೊರೆದು ಬೆರಳಿಟ್ಟಿದ್ದರು. ನನಗೆ ಅಷ್ಟು ಸಾಕು.

ಈ ಕಥೆಗಳು, ಹಾಡುಗಳು ಕಾಗದಕ್ಕೆ ಬಂದದ್ದು ಹೆಚ್ಚಾಗಿ ಪಾದ್ರಿಗಳ ಕೈಯಿಂದ. ಇದು ವಿಚಿತ್ರ ಅನ್ನಿಸಬಹುದು, ಯಾಕೆಂದರೆ ಹಳೆಯ ನಂಬಿಕೆಗಳ ಮೇಲೆ ಮುಗಿಬಿದ್ದದ್ದೂ ಚರ್ಚೇ. ನವಾರದ ಸುಗರಮುರ್ದಿ ಊರಿನ ಗುಹೆಯಲ್ಲಿ ಮಾಟಗಾತಿಯರು ಸೇರುತ್ತಾರೆ ಅನ್ನುವ ಆರೋಪದ ಮೇಲೆ 1610ರಲ್ಲಿ ಲೊಗ್ರೊನ್ಯೊ ನಗರದಲ್ಲಿ ವಿಚಾರಣೆಯ ತೀರ್ಪು ಬಂತು. ಆರು ಜನರನ್ನು ಜೀವಂತ ಸುಟ್ಟರು. ಸೆರೆಯಲ್ಲೇ ಸತ್ತಿದ್ದ ಐವರ ಗೊಂಬೆಗಳನ್ನು ಸುಟ್ಟರು. ಆ ಕೂಟಗಳಲ್ಲಿ ಕೊಳಲು, ಡೋಲು ನುಡಿಸಿದರು ಅನ್ನುವ ಆರೋಪವೂ ಇತ್ತು. ಮುಂದೆ ಗುಂಡಿಯೊತ್ತುವ ಪುಟ್ಟ ಅಕಾರ್ಡಿಯನ್ ಹಳ್ಳಿಗಳಿಗೆ ಬಂದು, ತಮಟೆಯಂಥ ಪಂದೆರೊ ಜೊತೆ ಸೇರಿ ತ್ರಿಕಿತಿಶ ಅನ್ನುವ ಕುಣಿತದ ಸಂಗೀತವಾದಾಗ, ಪಾದ್ರಿಗಳು ಅದನ್ನು "ನರಕದ ತಿದಿ" ಅಂತ ಬೈದರು. ಹುಡುಗ ಹುಡುಗಿಯರು ಒಟ್ಟಿಗೆ ಕುಣಿಯುತ್ತಿದ್ದರು ಅನ್ನುವುದೇ ತಪ್ಪು.

ಅದೇ ಚರ್ಚಿನೊಳಗಿಂದ ಹೊಸೆ ಮಿಗೆಲ್ ದೆ ಬರಂದಿಯಾರನ್ ಬಂದರು. 1889ರಲ್ಲಿ ಅತಾವುನ್ ಹಳ್ಳಿಯಲ್ಲಿ ಹುಟ್ಟಿ, 1991ರವರೆಗೆ ಬದುಕಿ, ಊರೂರು ತಿರುಗಿ ಮಾರಿ, ಬಸಯೌನ್, ಲಾಮಿಯಾ ಕಥೆಗಳನ್ನು ಅಜ್ಜ ಅಜ್ಜಿಯರ ಬಾಯಿಂದ ಬರೆದುಕೊಂಡವರು. ಮೇಲೆ ನಾನು ಹೇಳಿದ "ಅಂತೆ"ಗಳು ನಮ್ಮ ತನಕ ಬಂದದ್ದು ಬಹುಪಾಲು ಅವರಿಂದಲೇ. ಹಾಡುಗಳಿಗೆ ಇಂಥವರೇ ಇಬ್ಬರು, ಅವರೂ ಪಾದ್ರಿಗಳೇ. ರೆಸುರೆಕ್ಸಿಯೊನ್ ಮರಿಯ ದೆ ಅಸ್ಕುವೆ ಮತ್ತು ಕಪುಚಿನ್ ಸನ್ಯಾಸಿ ಅಯಿತ ದೊನೋಸ್ತಿಯ. 1912ರಲ್ಲಿ ಜನಪದ ಹಾಡು ಸಂಗ್ರಹಕ್ಕೆ ಸ್ಪರ್ಧೆ ಇಟ್ಟಾಗ ಮೊದಲ ಎರಡು ಬಹುಮಾನ ಇವರಿಗೇ ಬಂದವು.

ಆ ಸಂಗ್ರಹಗಳಿಂದ ವಾದ್ಯವೃಂದದ ಸಂಗೀತ ಬೆಳೆಯಿತು. ಹೆಸುಸ್ ಗುರಿದಿಯ "ಅಮಾಯ" ಅನ್ನುವ ಒಪೆರಾ 1920ರಲ್ಲಿ ಬಿಲ್ಬಾವೊದಲ್ಲಿ ರಂಗಕ್ಕೆ ಬಂತು. ಎಂಟನೇ ಶತಮಾನದ ಕಥೆ, ಹಳೆಯ ನಂಬಿಕೆಗೂ ಕ್ರೈಸ್ತ ನಂಬಿಕೆಗೂ ನಡುವಿನ ಎಳೆದಾಟ. ಫ್ರೆಂಚ್ ಸಂಗೀತಕಾರ ಅಂತ ನಾವು ಕರೆಯುವ ರವೆಲ್ ಹುಟ್ಟಿದ್ದು ಸಿಬೂರು ಅನ್ನುವ ಬಾಸ್ಕ್ ಬಂದರಿನಲ್ಲಿ, ತಾಯಿ ಬಾಸ್ಕ್. 1914ರ ಅವರ ಪಿಯಾನೊ ಟ್ರಿಯೊದ ಮೊದಲ ಭಾಗದಲ್ಲಿ ಮೂರು-ಎರಡು-ಮೂರು ಅಂತ ಕುಂಟುವ ಎಂಟು ಮಾತ್ರೆಯ ನಡೆಯಿದೆ. ಸುಂದರವಾದ ಸಂಗೀತ. ಆದರೂ ಹೇಳಿಬಿಡುತ್ತೇನೆ, ಇದೆಲ್ಲ ಕುರ್ಚಿಯಲ್ಲಿ ಕೂತವರಿಗೆ ಬೆಟ್ಟವನ್ನು ತೋರಿಸುವ ಸಂಗೀತ. ಬೆಟ್ಟದ ಮೇಲೆ ನಿಂತು ಕೂಗುವುದು ಬೇರೆ.

ಆ ಕೂಗು ವಾಪಸ್ ಬಂದದ್ದು ಅತಿ ಕೆಟ್ಟ ಕಾಲದಲ್ಲಿ. 1937ರಲ್ಲಿ ಗೆರ್ನಿಕ ಊರಿನ ಮೇಲೆ ಬಾಂಬು ಬಿತ್ತು. ಆಮೇಲೆ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಡಳಿತ. ಶಾಲೆಯಲ್ಲಿ, ಸಾರ್ವಜನಿಕವಾಗಿ ಎವುಸ್ಕರ ಆಡುವ ಹಾಗಿಲ್ಲ. 1960ರ ದಶಕದ ಹೊತ್ತಿಗೆ ಚಲಪರ್ತ ಬಾರಿಸಲು ಬರುತ್ತಿದ್ದದ್ದು ಎರಡೇ ಎರಡು ಮನೆಯವರಿಗೆ ಅನ್ನುವಷ್ಟರ ಮಟ್ಟಿಗೆ ಬಂದಿತ್ತು. ಲಸಾರ್ತೆಯ ಸುವಸ್ನಬಾರ್ ಅಣ್ಣತಮ್ಮಂದಿರು, ಅಸ್ತಿಗರಗದ ಗೊಯಿಕೊಯೆಚೆಯ ಅಣ್ಣತಮ್ಮಂದಿರು. ಅವರಿಂದ ಕಲಿತು ಮುಂದಕ್ಕೆ ದಾಟಿಸಿದವರು ಉಸುರ್ಬಿಲ್ ಊರಿನ ಆರ್ತ್ಸೆ ಸಹೋದರರು. ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ. ಇಬ್ಬರು ಬೇಕಾದ ವಾದ್ಯಕ್ಕೆ ಬೇರೆ ದಾರಿಯೂ ಇರಲಿಲ್ಲ.

ಆರ್ತ್ಸೆ ಸಹೋದರರು "ಎಸ್ ದೊಕ್ ಅಮಯಿರು" ಅನ್ನುವ ಕಲಾವಿದರ ಗುಂಪಿನಲ್ಲಿದ್ದರು. "ಹದಿಮೂರು ಇಲ್ಲ" ಅಂತ ಅರ್ಥ. ಶಿಲ್ಪಿ ಹೊರ್ಹೆ ಒತೇಯ್ಸ ಈ ಹೆಸರನ್ನು ಬರಂದಿಯಾರನ್ ಸಂಗ್ರಹಿಸಿದ ಒಂದು ಜನಪದ ಕಥೆಯಿಂದ ಎತ್ತಿಕೊಟ್ಟರು. ಹದಿಮೂರರ ಶಾಪ ಮುರಿಯಬೇಕು ಅನ್ನುವುದು ಆಶಯ. 1972ರ ಹೊತ್ತಿಗೆ ಗುಂಪು ಚದುರಿತು, ಆದರೆ ಅಷ್ಟರಲ್ಲಿ ಬಾಸ್ಕ್ ಹಾಡಿನ ದಿಕ್ಕು ಬದಲಾಗಿತ್ತು.

ಅವರಲ್ಲಿ ಮಿಕೆಲ್ ಲಬೊವಾ ನನಗೆ ತೀರ ಹತ್ತಿರದವರು. 1934ರಿಂದ 2008ರವರೆಗೆ ಬದುಕಿದ್ದರು. ವೃತ್ತಿಯಲ್ಲಿ ಮಕ್ಕಳ ಮನೋವೈದ್ಯ. ಹಳೆಯ ಲಾವಣಿಗಳನ್ನು ಮೆಲುದನಿಯಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ ಇದೇ ಮನುಷ್ಯ "ಲೆಕೇಯ್ತಿಯೊವಕ್" ಅನ್ನುವ ಸಾಲಿನ ರಚನೆಗಳಲ್ಲಿ ಪದಗಳನ್ನೇ ಬಿಟ್ಟುಬಿಡುತ್ತಾರೆ. ಕೂಗು, ತೊದಲು, ಪಿಸುಮಾತು, ಪ್ರಾಣಿಯ ದನಿಯಂಥ ಸದ್ದು ಎಲ್ಲ ಬರುತ್ತವೆ. ಭಾಷೆಯ ಬಾಯಿ ಕಟ್ಟಿದ್ದ ಕಾಲದಲ್ಲಿ ಒಬ್ಬ ಹಾಡುಗಾರ ಭಾಷೆಗೂ ಮುಂಚಿನ ಸದ್ದಿಗೆ ಹೋದದ್ದನ್ನು ಯೋಚಿಸಿ ನೋಡಿ.

ಅವರ ಅತಿ ಹೆಸರಾದ ಹಾಡು ಹಕ್ಕಿಯದು, "ಚೋರಿಯ ಚೋರಿ". ಸಾಲುಗಳು ಕವಿ ಹೊಶೆಯಾನ್ ಆರ್ತ್ಸೆಯವರದು, ಹಲಗೆ ಕಲಿತ ಅದೇ ಅಣ್ಣತಮ್ಮಂದಿರಲ್ಲಿ ಒಬ್ಬರು. ರೆಕ್ಕೆ ಕತ್ತರಿಸಿದ್ದರೆ ಅದು ನನ್ನದೇ ಆಗಿರುತ್ತಿತ್ತು, ಹಾರಿ ಹೋಗುತ್ತಿರಲಿಲ್ಲ, ಆದರೆ ಆಗ ಅದು ಹಕ್ಕಿಯಾಗಿ ಉಳಿಯುತ್ತಿರಲಿಲ್ಲ, ನನಗೆ ಇಷ್ಟವಾಗಿದ್ದು ಹಕ್ಕಿಯಲ್ಲವೇ ಅನ್ನುವುದಷ್ಟೇ ಹಾಡಿನ ಹುರುಳು. ದೇವತೆಯಿಲ್ಲ, ದೇಶದ ಮಾತಿಲ್ಲ. ಆದರೂ ಇವತ್ತು ಸಾವಿರಾರು ಜನ ಒಟ್ಟಿಗೆ ಇದನ್ನು ಹಾಡುತ್ತಾರೆ.

ಈಚಿನವರಲ್ಲಿ ಒರೆಕ ಟಿಎಕ್ಸ್ ಜೋಡಿಯನ್ನು ಹೇಳದೆ ಬಿಡಲಾಗದು. ಹರ್ಕಾಯ್ತ್ಸ್ ಮಾರ್ತಿನೆಸ್ ಮತ್ತು ಇಗೊರ್ ಒಚೋವಾ ಚಲಪರ್ತ ಹೊತ್ತುಕೊಂಡು ಅಲೆಮಾರಿ ಜನರನ್ನು ಹುಡುಕುತ್ತ ಲ್ಯಾಪ್‌ಲ್ಯಾಂಡ್, ಮಂಗೋಲಿಯ, ಸಹಾರಾ, ಭಾರತ ಸುತ್ತಿದರು. 2006ರಲ್ಲಿ ಅದು ಸಾಕ್ಷ್ಯಚಿತ್ರವಾಗಿ ಬಂತು. ಲ್ಯಾಪ್‌ಲ್ಯಾಂಡಿನಲ್ಲಿ ಮರದ ಬದಲು ಮಂಜುಗಡ್ಡೆ ಕೊಯ್ದು ಹಲಗೆ ಮಾಡಿ ಬಾರಿಸಿದ್ದಾರೆ. ಮಂಜುಗಡ್ಡೆ ಗಾಜಿನ ಹಾಗೆ ಟಣ್ ಅನ್ನುತ್ತದೆ, ಒಳಗೆ ಸ್ವಲ್ಪ ನೀರಿನ ಮೆದುವೂ ಇರುತ್ತದೆ. ಇವರು ಆ ನೆಲದ ವಸ್ತುವಿನಿಂದಲೇ ಆ ನೆಲವನ್ನು ಮಾತಾಡಿಸುತ್ತಾರೆ.

ಬಾಸ್ಕ್ ಪುರಾಣದ ಹೆಸರು ಹೊತ್ತ ಸಂಗೀತ ಈಗ ಇಂಟರ್ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಎಷ್ಟೋ ಕಡೆ ಮಂಜು ಮುಸುಕಿದ ಬೆಟ್ಟದ ಚಿತ್ರ, ಸಿಂಥಸೈಸರ್‌ನ ಎಳೆದ ಸ್ವರ, ಮಾರಿಯ ಹೆಸರು, ಅಷ್ಟೇ. ಕೇಳಲು ಹಿತವಾಗಿರಬಹುದು. ಆದರೆ ಅದರಲ್ಲಿ ಯಾರೂ ಯಾರನ್ನೂ ಕರೆಯುತ್ತಿಲ್ಲ. ನನ್ನ ಅಳತೆಗೋಲು ಒಂದೇ. ಈ ಸದ್ದು ನೆರೆಮನೆಗೆ, ಮಂದೆಗೆ, ಮಲಗಿದ ನೆಲಕ್ಕೆ, ಗುಹೆಯೊಳಗಿನವಳಿಗೆ ಕೇಳಿಸಬೇಕು ಅಂತ ಮಾಡಿದ್ದೋ, ಹೇಗೆ? ಹಾಗಿದ್ದರೆ ಅದು ಎಲೆಕ್ಟ್ರಿಕ್ ಗಿಟಾರಿನಲ್ಲಿದ್ದರೂ ಆ ಬೆಟ್ಟದ್ದೇ.

ನೀವು ಹೊಸದಾಗಿ ಕೇಳುವವರಾದರೆ ಒಂದೇ ಹಲಗೆಯ ಹಳೆಯ ಚಲಪರ್ತದ ಧ್ವನಿಮುದ್ರಣ ಯಾವುದಾದರೂ ಹುಡುಕಿ. ಇಯರ್‌ಫೋನ್ ಹಾಕಿಕೊಂಡು, ರಾತ್ರಿ ಮನೆ ಸದ್ದಿಲ್ಲದಾಗ ಕೇಳಿ. ಮೊದಲು ಟಕುನವನ್ನು ಮಾತ್ರ ಹಿಡಿಯಿರಿ, ಎರಡೆರಡು ಪೆಟ್ಟು. ಅದು ಕಿವಿಗೆ ಕೂತ ಮೇಲೆ ಕುಂಟುವವರ ಪೆಟ್ಟುಗಳನ್ನು ಎಣಿಸಿ. ಎರಡು, ಎರಡು, ಒಂದು, ಎರಡು. ಆಮೇಲೆ ಅವರು ಕೋಲು ಎತ್ತಿ ಹಾಗೇ ಹಿಡಿದುಬಿಡುತ್ತಾರೆ. ಆ ಸೊನ್ನೆಯಲ್ಲಿ ಕಿವಿಗೊಟ್ಟರೆ ಹಲಗೆ ಇನ್ನೂ ಗುಂಯ್ ಅನ್ನುತ್ತಿರುವುದು ಕೇಳಿಸುತ್ತದೆ, ಕೆಳಗಿನ ಜೋಳದ ಸಿಪ್ಪೆ ಸಣ್ಣಗೆ ಸರಸರ ಅನ್ನುವುದೂ.